ಉಸಿರಿನ ನೀರು

ಹೋದ ವಾರ ನನ್ನ ಗೊರಕೆಯ ಯಂತ್ರಕ್ಕೆ ಹೊಸ ರಬ್ಬರು ಹಾಕಿದೆ. ಡಾಕ್ಟರು ಅದಕ್ಕೆ ಹೇಳುವ ಹೆಸರು ಬೇರೆ, ನಮ್ಮ ಮನೆಯಲ್ಲಿ ಅದು ಗೊರಕೆಯ ಯಂತ್ರ. ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಹೊರಡುತ್ತದಂತೆ. ಹಾಗಾಗಿ ಮಲಗುವಾಗ ಮೂಗಿಗೊಂದು ಮುಖವಾಡ, ಮುಖವಾಡಕ್ಕೊಂದು ಕೊಳವೆ, ಕೊಳವೆಯ ಆ ತುದಿಗೆ ಗಾಳಿ ಊದುವ ಪೆಟ್ಟಿಗೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ನೀರಿನ ಡಬ್ಬಿ ಇದೆ. ಗಾಳಿ ಆ ನೀರನ್ನು ಸವರಿಕೊಂಡು ತೇವವಾಗಿ ಬರಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಗಂಟಲಲ್ಲಿ ರಾಯಚೂರಿನ ಬೇಸಿಗೆ. ಡಬ್ಬಿಯ ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು. ಲಿಂಬೆಹಣ್ಣಿನ ರಸದಲ್ಲಿ ಡಬ್ಬಿ ತೊಳೆದು, ಹೊಸ ರಬ್ಬರು ಕೂಡಿಸಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ ನೋಡಿದೆ.

ನನ್ನ ಸೊಸೆ ನಿಂತು ನೋಡುತ್ತಿದ್ದಳು. "ಅತ್ತಿ, ಪುಸ್ತಕದಾಗ ಲಿಂಬಿಹಣ್ಣು ಬರದಿಲ್ಲ. ಇದೆಲ್ಲಾ ಯಾರು ಕಲಿಸಿದ್ರು ನಿಮಗ?"

"ಮಾನವಿ ಖಾಲಾ," ಎಂದೆ.

ನಾಲಿಗೆಯ ಮೇಲೆ ಹೆಸರು ಬಂದದ್ದಕ್ಕೋ ಏನೋ, ಆ ವಾರವೇ ಖಾಲಾನ ಮಗಳ ಫೋನು ಬಂತು. ದೇವದುರ್ಗದಿಂದ. "ಅಕ್ಕೋರೇ, ಅಮ್ಮಿ ಹೋದ್ಲು," ಎಂದಳು. ಆಕೆಯೇ ಮುಂದುವರಿಸಿದಳು. "ಕೊನಿತನಕ ನನ್ನ ಮಾರಿನ ನೋಡಾಕತ್ತಿದ್ಲು. ನೀರು ಕುಡೀ ಅಂದ್ರೂ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಯಾಕ ಹಂಗ ನೋಡಿದ್ಲೋ ಗೊತ್ತಾಗಲಿಲ್ರಿ."

ನನಗೆ ಗೊತ್ತಿದೆ ಎನಿಸಿತು. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಖಾಲಾನ ನಿಜವಾದ ಹೆಸರನ್ನು ಮಾತ್ರ ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

ನಾನು ಕನ್ನಡ ಕಲಿಸುವ ಅಕ್ಕೋರಾಗಿ ಮಾನವಿಗೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ನಮ್ಮ ಊರು ದೇವದುರ್ಗ. ಅಪ್ಪ ಇರಲಿಲ್ಲ, ಮದುವೆ ಇನ್ನೂ ಆಗಿರಲಿಲ್ಲ, ಅವ್ವನನ್ನು ಜೊತೆಗೆ ಕಟ್ಟಿಕೊಂಡು ಬಾಡಿಗೆ ಮನೆ ಹುಡುಕಲು ಹೊರಟೆ. ಒಂದು ಬಾಗಿಲು ತಟ್ಟಿದರೆ ಎತ್ತರದ ಹೆಂಗಸೊಬ್ಬಳು ಬಂದು ನಿಂತಳು. ಬಾಯಲ್ಲಿ ಎಲೆಅಡಿಕೆ, ಸೊಂಟದಲ್ಲಿ ಬೀಗದ ಕೈಗೊಂಚಲು, ಎರಡೂ ಕೈ ತುಂಬ ಹಸಿರು ಬಳೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಮ್ಮವ್ವನ ಹಣೆಯ ವಿಭೂತಿ ನೋಡಿ ಅವಳನ್ನೇ ಕೇಳಿದಳು.

"ಯವ್ವಾ, ನಡುವ ಒಂದ ಗೋಡಿ. ನಮ್ಮ ಅಡಗಿ ವಾಸನಿ ನಿಮ್ಮ ಕಡಿ ಬರ್ತದ. ನಡೀತದೇನ್ರಿ?"

ನಮ್ಮವ್ವ ಮಾತಿನಲ್ಲಿ ಯಾರಿಗೂ ಕಡಿಮೆಯವಳಲ್ಲ. "ನಾ ನಸಿಕಿನ್ಯಾಗ ಎದ್ದು ಪೂಜಾ ಮಾಡಿ ಗಂಟಿ ಬಾರಸ್ತೀನಿ. ನಿಮಗ ನಡೀತದೇನು?"

"ಅಷ್ಟೊತ್ತಿಗೆ ನನ್ನ ನಮಾಜ್ ಮುಗದಿರ್ತದ. ಬಾರಸ್ರಿ."

ಅಲ್ಲಿಗೆ ಮನೆ ನಮ್ಮದಾಯಿತು. ಓಣಿಯೆಲ್ಲ ಖಾಲಾ, ಅಂದರೆ ತಾಯಿಯ ತಂಗಿ, ಅನ್ನುತ್ತಿತ್ತು, ನಮ್ಮವ್ವ ಅದಕ್ಕೊಂದು ಅವ್ವ ಸೇರಿಸಿ ಖಾಲವ್ವ ಮಾಡಿದಳು. ಇನ್ನು ಖಾಲಾನ ಗಂಡನನ್ನು ಓಣಿ ಚಾಚಾ, ಅಂದರೆ ತಂದೆಯ ತಮ್ಮ, ಎನ್ನುತ್ತಿತ್ತು. ಖಾಲಾನ ಗಂಡ ಚಾಚಾ ಹೇಗಾದರು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಚಾಚಾ ಪ್ರಾಯದಲ್ಲಿ ರಾಯಚೂರಿನ ಹತ್ತಿ ಗಂಜಿನಲ್ಲಿ, ಅಂದರೆ ಹತ್ತಿ ಮಾರುಕಟ್ಟೆಯಲ್ಲಿ, ಹರಾಜಿನ ಸವಾಲು ಕೂಗುತ್ತಿದ್ದರು. ಹತ್ತಿಯ ರಾಶಿಯ ಮೇಲೆ ನಿಂತು ಬಲಗೈ ಎತ್ತಿ "ಏಕ್ ಬಾರ್" ಎಂದರೆ ಗಂಜಿನ ಆ ತುದಿಯಲ್ಲಿ ಗಾಡಿಯ ಎತ್ತು ಕಿವಿ ನಿಗುರಿಸುತ್ತಿದ್ದವಂತೆ. ಹೇಳಿದವರು ರಾಯಚೂರಿನ ವ್ಯಾಪಾರಸ್ಥರು, ಅವರ ಮಾತಿನಲ್ಲಿ ಸ್ವಲ್ಪ ಕಳೆದೇ ಲೆಕ್ಕ ಹಿಡಿಯಬೇಕು. ಆದರೆ ದನಿ ದೊಡ್ಡದಿದ್ದದ್ದು ನಿಜ. ಅಷ್ಟು ವರ್ಷ ಕೂಗಿದ ಬಾಯಿಗೆ ಅಷ್ಟೂ ವರ್ಷ ಹತ್ತಿಯ ಧೂಳು ಹೋಗಿ ಕೂತಿತ್ತು. ನಾನು ನೋಡುವಾಗ ಆ ದನಿ ಪಿಸುಮಾತಿಗೆ ಇಳಿದು, ಒಂದು ವಾಕ್ಯಕ್ಕೆ ಮೂರು ಕಡೆ ನಿಂತು ದಮ್ಮು ತೆಗೆದುಕೊಳ್ಳುತ್ತಿತ್ತು.

ರಾಯಚೂರಿನ ಡಾಕ್ಟರು ಆಕ್ಸಿಜನ್ ಬೇಕೆಂದರು. ಇಡೀ ದಿನ ಅಲ್ಲ, ಬೆಳಿಗ್ಗೆ, ಸಂಜೆ, ಮತ್ತೆ ದಮ್ಮು ಹತ್ತಿದಾಗ. "ಮಾನವಿಯಾಗ ಇದನ್ನ ನೋಡ್ಕೊಳ್ಳೋರು ಯಾರವ್ವಾ? ರಾಯಚೂರಾಗ ಒಂದು ಮನಿ ಮಾಡ್ರಿ," ಎಂದರಂತೆ.

"ಮಾನವಿ ಬಿಡಿಸಿದ್ರ ಅವರಿಗೆ ಇರೋ ಉಸಿರೂ ಉಳಿಯಂಗಿಲ್ರಿ ಸಾಹೇಬ್ರ. ನನಗ ಕಲಿಸ್ರಿ," ಎಂದಳಂತೆ ಖಾಲಾ.

ಡಾಕ್ಟರು ತೋರಿಸಿದರು. ಇನ್ನೊಮ್ಮೆ ತೋರಿಸ್ರಿ ಎಂದಳು. ಆಮೇಲೆ ಅವರ ಮೇಜಿನ ಮೇಲೆ ತಾನೇ ಎಲ್ಲ ಬಿಚ್ಚಿ, ತಾನೇ ಕೂಡಿಸಿ, "ತಪ್ಪಿದ್ರ ಹೇಳ್ರಿ," ಎಂದು ಕೂತಳು. ಹೊರಗೆ ರೋಗಿಗಳು ಗೊಣಗುತ್ತಿದ್ದರು. ಡಾಕ್ಟರು ಪುಣ್ಯವಂತರು, ಕೂತು ನೋಡಿದರು, ತಪ್ಪಿದ ಕಡೆ ತಿದ್ದಿದರು, ತಮ್ಮ ದವಾಖಾನೆಯ ಹಳೆಯ ಬಾಟಲಿಯ ಸೆಟ್ಟನ್ನೇ ಕೊಟ್ಟು ಕಳಿಸಿದರು. ಸಿಲಿಂಡರು ತರುವ ಕೆಲಸ ಪೋತ್ನಾಳದ ಅಕ್ಕಿಮಿಲ್ಲಿನ ಗೌಡರದು. ಅವರ ಲಾರಿ ಅಕ್ಕಿ ಹೇರಿಕೊಂಡು ಮಾನವಿಯ ಮೇಲೆಯೇ ರಾಯಚೂರಿಗೆ ಹೋಗುತ್ತಿತ್ತು. ಹೋಗುವಾಗ ಖಾಲಿ ಸಿಲಿಂಡರು ಒಯ್ದು, ಬರುವಾಗ ತುಂಬಿದ್ದನ್ನು ನಮ್ಮ ಓಣಿಯ ಬಾಯಿಗೆ ಇಳಿಸುತ್ತಿತ್ತು.

ಸಿಲಿಂಡರಿನಿಂದ ಬರುವ ಗಾಳಿ ಒಣ ಗಾಳಿ. ಅದನ್ನೇ ನೇರವಾಗಿ ಮೂಗಿಗೆ ಬಿಟ್ಟರೆ ಜೀವ ಉಳಿಯುತ್ತದೆ, ಆದರೆ ಮೂಗು ಗಂಟಲು ಒಣಗಿ, ಬಿರಿದು, ಕೆಮ್ಮು ಹತ್ತಿ, ಇದ್ದ ದನಿಯೂ ಹೋಗುತ್ತದೆ. ಅದಕ್ಕೇ ನಡುವೆ ಒಂದು ಗಾಜಿನ ಬಾಟಲಿ. ಬಾಟಲಿಯಲ್ಲಿ ನೀರು. ಮುಚ್ಚಳದಿಂದ ಒಂದು ಸಣ್ಣ ನಳಿಗೆ ನೀರಿನ ತಳದವರೆಗೆ ಇಳಿದಿರುತ್ತದೆ, ಅದರ ತುದಿಗೆ ಸೂಜಿಮೊನೆಯಂಥ ತೂತುಗಳು. ಗಾಳಿ ಆ ತೂತುಗಳಿಂದ ಗುಳ್ಳೆಗುಳ್ಳೆಯಾಗಿ ನೀರೊಳಗಿಂದ ಎದ್ದು, ಒದ್ದೆಯಾಗಿ, ರಬ್ಬರಿನ ಕೊಳವೆ ಹಿಡಿದು ಮೂಗಿಗೆ ಹೋಗಬೇಕು. ಮುಚ್ಚಳಕ್ಕೂ ಗಾಜಿಗೂ ನಡುವೆ ಒಂದು ರಬ್ಬರಿನ ಉಂಗುರ, ವಾಷರು. ಇಷ್ಟೇ ಯಂತ್ರ. ಇಷ್ಟರ ಮೇಲೆ ಒಬ್ಬ ಮನುಷ್ಯನ ಮಾತು ನಿಂತಿತ್ತು.

ಆ ಬಾಟಲಿ ಮುಟ್ಟುವ ಮೊದಲು ಖಾಲಾ ಎರಡೂ ಕೈಯ ಬಳೆಗಳನ್ನು ಮೊಣಕೈತನಕ ಏರಿಸುತ್ತಿದ್ದಳು. ಝಲ್ಲೆಂದು ಸದ್ದಾದರೆ ನಮ್ಮವ್ವ ಗೋಡೆಯ ಈಚೆಯಿಂದ "ನಡೀತು ಆಕಿ ಪೂಜಾ" ಎನ್ನುತ್ತಿದ್ದಳು. ನಮ್ಮ ಬಾವಿಯ ನೀರು ಸವಳು. ಅದನ್ನು ಹಾಕಿದರೆ ನಳಿಗೆಯ ತೂತುಗಳಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಖಾಲಾ ಕಾಲುವೆಯ ನೀರು ತರಿಸಿ, ಬಟ್ಟೆಯಲ್ಲಿ ಸೋಸಿ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ ಕುದಿಸಿ, ಮುಚ್ಚಿಟ್ಟು ಆರಿಸುತ್ತಿದ್ದಳು. ಆ ಓಣಿಯಲ್ಲಿ ಖಾಲಾನ ಮನೆಯಿಂದ ಒರಳು, ಜರಡಿ, ಏಣಿ, ಬೇಕಾದರೆ ಮಂಚವನ್ನೂ ಎರವಲು ತರಬಹುದಿತ್ತು. ಆ ಒಂದು ಪಾತ್ರೆ ಕೇಳಿದವರಿಗೆ ಮಂಗಳಾರತಿ ಆಗುತ್ತಿತ್ತು. ಬಾಟಲಿಯನ್ನು ಲಿಂಬೆರಸದಲ್ಲಿ ತೊಳೆದು, ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಸಿಲಿಂಡರಿನ ತಿರುವು ಬಿಚ್ಚಿದ ಮೇಲೆ ಕೊನೆಯದೊಂದು ಕೆಲಸ ಇರುತ್ತಿತ್ತು. ಮೂಗಿಗೆ ಹೋಗುವ ಕೊಳವೆಯನ್ನು ಎರಡು ಬೆರಳಲ್ಲಿ ಹಿಸುಕಿ ಹಿಡಿದು ಬಾಟಲಿಯನ್ನೇ ದಿಟ್ಟಿಸುವುದು.

"ಹಿಸುಕಿದ ಕೂಡ್ಲೆ ಗುಳ್ಳಿ ನಿಂತ್ರ ಬಾಟಲಿ ಸೈ," ಎಂದು ಒಮ್ಮೆ ನನಗೆ ತೋರಿಸಿದಳು. "ಹಿಸುಕಿದ್ರೂ ಗುಳ್ಳಿ ಆಡಾಕತ್ತದ ಅಂದ್ರ ಎಲ್ಲೋ ಕಳ್ಳದಾರಿ ಅದ. ಗಾಳಿ ಮೂಗಿಗೆ ಹೋಗವಲ್ದು, ಓಣಿಗೆ ಹೋಗಾಕತ್ತದ."

ನಮ್ಮ ಬಿಸಿಲಿಗೆ ವಾಷರು ಬೇಗ ಗಟ್ಟಿಯಾಗಿ ಸೀಳುತ್ತಿತ್ತು. ರಾಯಚೂರಿನಿಂದ ತರಿಸಿದ ಹೊಸ ವಾಷರುಗಳನ್ನೂ ಒಂದು ಹೆಚ್ಚಿನ ನಳಿಗೆಯನ್ನೂ ಸಣ್ಣ ಡಬ್ಬಿಯಲ್ಲಿ ಹಾಕಿ, ನೀರಿನ ಹರವಿ ಕೂಡುವ ಒದ್ದೆ ಮರಳಿನಲ್ಲಿ ಹೂತಿಡುತ್ತಿದ್ದಳು. ಮನೆಯಲ್ಲಿ ತಂಪಾದ ಜಾಗ ಅದೊಂದೇ.

ಒಂದು ಮಧ್ಯಾಹ್ನ ಖಾಲಾ ನಮ್ಮ ಹೊಸ್ತಿಲ ಮೇಲೆ ಕೂತು ಪುಂಡಿಪಲ್ಯ ಸೋಸುತ್ತ, ಗಿಲ್ಲೆಸುಗೂರಿನ ತನ್ನ ಮೈದುನನ ಜಂಬದ ಕಥೆ ಹೇಳುತ್ತಿದ್ದಳು. "ಆಂವ ಏನಂದ, ಅಣ್ಣಗ ಹೇಳು, ನನ್ನ ಮನ್ಯಾಗ" ಎನ್ನುವಷ್ಟರಲ್ಲಿ ಬಾಯಿ ನಿಂತಿತು. ಕುತ್ತಿಗೆ ಓರೆ ಮಾಡಿದಳು. "ಸದ್ದು ತೆಳ್ಳಗಾತು," ಎಂದವಳೇ ಎದ್ದು ಹೋದಳು. ನಾನೂ ಕಿವಿಕೊಟ್ಟೆ. ಹೊರಗೆ ಕೋಳಿ, ರಸ್ತೆಯಲ್ಲಿ ಬಸ್ಸಿನ ಹಾರನ್ನು, ನಮ್ಮವ್ವನ ಗೊರಕೆ. ಗೋಡೆಯ ಆಚೆ, ಮತ್ತೊಂದು ಬಾಗಿಲಿನ ಆಚೆ ಒಂದು ಬಾಟಲಿಯಲ್ಲಿ ಗುಳ್ಳೆ ಏಳುವ ಸದ್ದು ನನಗೆ ಕೇಳಿಸಲೇ ಇಲ್ಲ, ಅದು ತೆಳ್ಳಗಾದದ್ದು ಎಲ್ಲಿಂದ ಕೇಳಿಸಬೇಕು! ನೀರು ಗೆರೆಗಿಂತ ಇಳಿದಿತ್ತಂತೆ. ಹಾಕಿ ಬಂದು ಕೂತು, ಸೊಪ್ಪು ಕೈಗೆ ತೆಗೆದುಕೊಂಡು, "ನನ್ನ ಮನ್ಯಾಗ ಎರಡ ಎಮ್ಮಿ ಅದಾವ ಅಂತ ಹೇಳು ಅಂದ," ಎಂದು ಬಿಟ್ಟಲ್ಲಿಂದಲೇ ಕಥೆ ಮುಂದುವರಿಸಿದಳು. ಇಂಥ ಕಿವಿಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಹಾಗೆಂದು ಆಕೆ ಸಾಧು ಸಂತಳೇನಲ್ಲ. ಬೈಗುಳದಲ್ಲಿ ಓಣಿಗೇ ಮೊದಲು. ಹುಣಸೆಹಣ್ಣಿನ ವಿಷಯಕ್ಕೆ ನಮ್ಮವ್ವನ ಜೊತೆ ಜಗಳವಾಡಿ, ಮಾತು ಬಿಟ್ಟು, ಬಿಟ್ಟ ಮಾತನ್ನು ನನ್ನ ಮೂಲಕ ಆಡುತ್ತಿದ್ದಳು. ಇಬ್ಬರೂ ಎದುರಾಬದುರೇ ಕೂತಿರುತ್ತಿದ್ದರು, ನಡುವೆ ನಾನು. ಯಾರಾದರೂ ಯಾರನ್ನಾದರೂ ಹೊಗಳಿದರೆ ಆಕೆಯದು ಒಂದೇ ಉತ್ತರ: "ಹಿಸುಕಿ ನೋಡೀರೇನು?"

ಮಗಳನ್ನು ನೋಡಲು ದೇವದುರ್ಗದಿಂದ ವರ ಬಂದಾಗಲೂ ಹಿಸುಕಿ ನೋಡಿದಳು. ಆತನನ್ನು ಚಾಚಾನ ಮಂಚದ ಎದುರು ಕೂಡಿಸಿ, ಚಹಾ ತರುತ್ತೇನೆಂದು ಒಳಗೆ ಹೋದವಳು ಬರಲೇ ಇಲ್ಲ. ಚಾಚಾ ಗಂಜಿನ ಹಳೆಯ ಕಥೆಯೊಂದನ್ನು ಶುರು ಮಾಡಿದರು. ಒಂದು ಶಬ್ದ, ಒಂದು ದಮ್ಮು, ಮತ್ತೊಂದು ಶಬ್ದ. ಬಂದವರೆಲ್ಲ ಸಾಮಾನ್ಯವಾಗಿ ಚಾಚಾನ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರು, ನಾನೂ ಮುಗಿಸಿದ್ದುಂಟು. ಆ ಹುಡುಗ ಮುಗಿಸಲಿಲ್ಲ. ಮುಂದಕ್ಕೆ ಬಾಗಿ ಕೂತು, ಕಥೆ ತಾನಾಗಿ ಮುಗಿಯುವತನಕ ಕಾದ. ಪರದೆಯ ಹಿಂದೆ ನಿಂತಿದ್ದ ಖಾಲಾ ನನ್ನ ತೋಳು ಚಿವುಟಿ, "ಗುಳ್ಳಿ ನಿಂತಾವ ನೋಡ್ರಿ," ಎಂದಳು. ಮದುವೆ ಗಟ್ಟಿಯಾಯಿತು.

ಚಾಚಾಗೆ ಒಂದೇ ಆಸೆ ಇತ್ತು. ನಿಕಾಹಿನಲ್ಲಿ ಮದುಮಗಳ ಪರವಾಗಿ ಒಬ್ಬರು ವಕೀಲರಾಗಬೇಕು. ಸಾಕ್ಷಿಗಳ ಮುಂದೆ ಅವಳ ಒಪ್ಪಿಗೆ ಕೇಳಿ, ಅದನ್ನು ಕಾಜಿಗಳಿಗೆ ಸಭೆಯಲ್ಲಿ ಕೇಳುವಂತೆ ಹೇಳಬೇಕು. ತನ್ನ ಒಬ್ಬಳೇ ಮಗಳಿಗೆ ತಾನೇ ವಕೀಲನಾಗಬೇಕು ಎಂದರು. ಗಿಲ್ಲೆಸುಗೂರಿನ ಮೈದುನ ಅದನ್ನು ಕೇಳಿ ಬಂದ.

"ಭಾಭಿ, ನಾ ಆಗ್ತೀನಿ ವಕೀಲ. ಅಣ್ಣಗ ದನಿ ಎಲ್ಲದ? ಮಂದಿ ಮುಂದ ನಿಂತು ಕೆಮ್ಮಿದ್ರ ಮರ್ಯಾದಿ ಏನು ಉಳೀತದ?"

"ಅಪ್ಪ ಇದ್ದಾನ," ಎಂದಳು ಖಾಲಾ. "ದನಿ ನಾ ತಂದುಕೊಡ್ತೀನಿ."

ಅಂದಿನಿಂದ ಚಾಚಾನ ಮಾತಿಗೆ ರೇಷನ್ನು ಬಂತು. ನೀರು ಬೇಕಾದರೆ ಬೆರಳು ತೋರಿಸಬೇಕು. ಕಥೆ ಬಂದ್. ವಾಷರನ್ನು ಸೀಳುವ ಮೊದಲೇ ಬದಲಿಸಲು ಶುರು ಮಾಡಿದಳು. ದಿನಾ ಸಂಜೆ ಗುಳ್ಳೆಯ ಒದ್ದೆ ಗಾಳಿ ಸಾಕಷ್ಟು ಎಳೆದುಕೊಂಡ ಮೇಲೆ ಚಾಚಾ ನಿಕಾಹಿನ ಆ ಮಾತನ್ನು ಒಮ್ಮೆ ಹೇಳಬೇಕು. ಒಂದೇ ಸಲ. ಗೋಡೆಯ ಈಚೆ ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. "ಇವತ್ತು ನಡುವ ಹರೀತು," ಎನ್ನುತ್ತಿದ್ದಳು. ಅಥವಾ, "ಇವತ್ತು ಛಲೋ ಬಂತಬೇ." ಉರ್ದುವಿನ ಆ ಮಾತು ಅವಳಿಗೆ ಬಾಯಿಪಾಠವೇ ಆಗಿತ್ತು. ಮದುವೆ ಹತ್ತಿರ ಬಂದಂತೆ ದನಿ ಏಳುತ್ತ ಹೋಯಿತು, ನಮ್ಮವ್ವನ ಚಡಪಡಿಕೆಯೂ ಏಳುತ್ತ ಹೋಯಿತು. ಮದುವೆಯ ಹಿಂದಿನ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಮಸರಕಲ್ಲಿನ ಕಡೆಯ ನಮ್ಮ ಮಠಕ್ಕೆ ಹೋಗಿಬಂದಳು.

ಮದುವೆಯ ದಿನ ಸಿಲಿಂಡರನ್ನು ಪಡಸಾಲೆಯ ಬಾಗಿಲ ಹಿಂದಿನ ಮೂಲೆಗೆ ತಂದು ನಿಲ್ಲಿಸಿದ್ದರು. ಬಾಗಿಲಲ್ಲಿ ಚಾಚಾನ ಕುರ್ಚಿ. ಒಳಕೋಣೆಯ ಕಡೆ ಪರದೆ, ಪರದೆಯ ಹಿಂದೆ ಮಗಳು ಕೂಡುವ ಜಾಗ. ಹೊರಗೆ ಪಡಸಾಲೆಯಲ್ಲಿ ಕಾಜಿಗಳು, ವರ, ಅಂಗಳದ ಹಂದರದಲ್ಲಿ ಮಂದಿ. ಕೊಳವೆ ಎಷ್ಟು ಉದ್ದವೋ ಅಷ್ಟಕ್ಕೆ ಅಳೆದು ಖಾಲಾ ಈ ವ್ಯವಸ್ಥೆ ಮಾಡಿದ್ದಳು. ದೇವದುರ್ಗದ ದಿಬ್ಬಣ ಬಂದಿಳಿದಿತ್ತು. ಚಾಚಾ ಕುರ್ಚಿಯಲ್ಲಿ ಒರಗಿ ಕಣ್ಣುಮುಚ್ಚಿದ್ದರು. ಖಾಲಾ ಹಿತ್ತಲಲ್ಲಿ ಬಿರಿಯಾನಿಯ ಹಂಡೆಯ ಮುಂದೆ ಅಡುಗೆಯವನಿಗೆ ಉಪ್ಪಿನ ಬಗ್ಗೆ ಬುದ್ಧಿ ಹೇಳುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಡೋಲು, ಮಕ್ಕಳ ಕಿರುಚಾಟ, ಪಾತ್ರೆಗಳ ಸದ್ದು. ಅಷ್ಟರ ನಡುವೆ ಖಾಲಾನ ಕುತ್ತಿಗೆ ಓರೆಯಾಯಿತು.

"ಗುಳ್ಳಿ ನಿಂತಾವ," ಎಂದು ಓಡಿದಳು. ಹಿಂದೆ ನಾನೂ ಓಡಿದೆ.

ಬಾಟಲಿಯೊಳಗೆ ಒಂದೇ ಒಂದು ಗುಳ್ಳೆ ಇರಲಿಲ್ಲ. ಮುಚ್ಚಳದ ಸುತ್ತ ಗಾಳಿ ಬುಸ್ಸೆನ್ನುತ್ತಿತ್ತು. ನೀರು ಬೂದಿ ಬಣ್ಣಕ್ಕೆ ತಿರುಗಿ, ಅದರ ಮೇಲೆ ಬಿಲ್ವಪತ್ರೆಯ ಒಂದು ಚೂರು ತೇಲುತ್ತಿತ್ತು. ಚಾಚಾ ಕುರ್ಚಿಯ ಹಿಡಿಕೆ ಹಿಡಿದು ಬಾಯಲ್ಲಿ ಉಸಿರು ಎಳೆಯುತ್ತಿದ್ದರು. ಬದಿಯಲ್ಲಿ ನಮ್ಮವ್ವ ತಾಮ್ರದ ಗಿಂಡಿ ಹಿಡಿದು ನಿಂತಿದ್ದಳು.

"ಖಾಲವ್ವಾ, ನಾನ ಹಾಕೀನಿ," ಎಂದಳು. "ಮಠದ ತೀರ್ಥ. ಅದರಾಗ ಹಾದು ಬಂದ್ರ ಉಸಿರಿಗೆ ಬಲಾ ಬರ್ತದ, ದನಿ ನಡುವ ಹರಿಯಂಗಿಲ್ಲ ಅಂತ... ನೀ ಮಾಡೂದು ನೋಡಿದ್ನೆಲ್ಲ, ಹಂಗ ತಿರುವು ಬಂದ್ ಮಾಡಿ, ಮುಚ್ಚಳ ಬಿಚ್ಚಿ..." ತೀರ್ಥದ ವಿಭೂತಿ ಆ ಸಣ್ಣ ತೂತುಗಳಲ್ಲಿ ಹೋಗಿ ಕೂತಿತ್ತು. ಕೆಳಗೆ ದಾರಿ ಸಿಗದ ಗಾಳಿ ಮೇಲೆ ವಾಷರನ್ನು ಸೀಳಿ ಹೊರಟಿತ್ತು.

ಗಿಲ್ಲೆಸುಗೂರಿನ ಮೈದುನ ಬಂದು ನಿಂತ. "ಭಾಭಿ, ಬಾಟಲಿ ತೆಗದ ಒಗಿ, ಗಾಳಿ ಸೀದಾ ಹಚ್ಚು! ಮದ್ಲು ಜೀವ ನೋಡು. ವಕೀಲ ನಾ ಇದ್ದೀನಿ." ಹಾಗೆಂದು ನಮ್ಮವ್ವನ ಕಡೆ ತಿರುಗಿ ಬಾಯಿ ತೆರೆದ. ಖಾಲಾ ಅವನನ್ನು ಒಂದು ಸಲ ನೋಡಿದಳು. ಅವನ ಬಾಯಿ ಹಾಗೇ ಮುಚ್ಚಿತು.

"ಇರ್ರಿ ಯವ್ವಾ," ಎಂದು ನಮ್ಮವ್ವನಿಗೆ ಇಷ್ಟೇ ಹೇಳಿ, ಮದುವೆಯ ಹೊಸ ಬಳೆಗಳನ್ನು ಝಲ್ಲೆಂದು ಮೊಣಕೈಗೆ ಏರಿಸಿದಳು.

ಆ ಕೈಗಳನ್ನು ನಾನು ಈಗಲೂ ನೋಡಬಲ್ಲೆ. ತಿರುವು ಬಂದ್ ಮಾಡಿ ಬಾಟಲಿ ಬಿಚ್ಚಿದಳು. ಒಳಗಿನ ನೀರನ್ನು ಮೋರಿಗೆ ಚೆಲ್ಲಲಿಲ್ಲ. ಅಂಥ ಹೊತ್ತಿನಲ್ಲೂ ಒಂದು ತೊಳೆದ ಬಟ್ಟಲು ಕೇಳಿ ಅದರಲ್ಲಿ ಬಗ್ಗಿಸಿ ಇಟ್ಟಳು. ನಾನು ಹರವಿಯ ಮರಳಿನಿಂದ ಡಬ್ಬಿ ಅಗೆದು ತಂದೆ. ಹೊಸ ನಳಿಗೆ, ಹೊಸ ವಾಷರು, ಆರಿಸಿಟ್ಟ ನೀರು. ಎಲ್ಲಿಯೂ ಅವಸರ ಇರಲಿಲ್ಲ, ಎಲ್ಲಿಯೂ ಒಂದು ಚಲನೆ ಹೆಚ್ಚಿರಲಿಲ್ಲ. ನಡುನಡುವೆ ಗಂಡನ ಕಡೆ ನೋಡಿ, "ಬಸ್ ಜಿ, ಬಸ್," ಎನ್ನುತ್ತಿದ್ದಳು. ತಿರುವು ಬಿಚ್ಚಿದಳು, ಗುಳ್ಳೆ ಎದ್ದವು. ಚಾಚಾನ ಎದೆ ನಿಧಾನಕ್ಕೆ ಹದಕ್ಕೆ ಬರತೊಡಗಿತು.

ಆಮೇಲೆ ಕೊಳವೆಯನ್ನು ಹಿಸುಕಿ ನೋಡಿದಳು. ಗುಳ್ಳೆ ನಿಲ್ಲಲಿಲ್ಲ.

ಹೆಬ್ಬೆರಳನ್ನು ಬಾಟಲಿಯ ಅಂಚಿನ ಸುತ್ತ ಆಡಿಸಿದಳು. ಒಂದು ಕಡೆ ಬೆರಳು ತಡೆಯಿತು. ಅವ್ವ ಅವಸರದಲ್ಲಿ ಬಿಚ್ಚುವಾಗ ಬಾಟಲಿ ಸಿಲಿಂಡರಿನ ಹಿತ್ತಾಳೆಗೆ ತಾಗಿರಬೇಕು, ಗಾಜಿನ ಅಂಚು ಒಂದಿಷ್ಟು ಒಡೆದಿತ್ತು. ಖಾಲಾ ಅಲ್ಲಿ ಮುಚ್ಚಳದ ಮೇಲೆ ಹೆಬ್ಬೆರಳು ಊರಿ ಒತ್ತಿ ಹಿಡಿದಳು. ಹಿಸುಕಿದಳು. ಗುಳ್ಳೆ ನಿಂತವು. ಬೇರೆ ಬಾಟಲಿ ಮಾನವಿಯಲ್ಲಿ ಎಲ್ಲೂ ಇರಲಿಲ್ಲ.

ಇದನ್ನು ಕಂಡವಳು ನಾನೊಬ್ಬಳೇ. "ಅಕ್ಕೋರೇ, ಅಲಮಾರಿಯಾಗ ಒಂದು ಸಣ್ಣ ತಗಡಿನ ಡಬ್ಬಿ ಅದ, ತರ್ರಿ," ಎಂದಳು. ತಂದುಕೊಟ್ಟೆ. ಅದನ್ನು ನಮ್ಮವ್ವನ ಕೈಗೆ ಕೊಡಿಸಿದಳು.

"ಯವ್ವಾ, ಇದು ಜಮ್‌ಜಮ್ ನೀರು. ನಮ್ಮಣ್ಣ ಹಜ್‌ಗೆ ಹೋದಾಗ ತಂದಿದ್ದ. ಎಷ್ಟು ಸಲ ಇದನ್ನ ಕೈಯಾಗ ಹಿಡ್ಕೊಂಡು ಬಾಟಲಿ ಮುಂದ ನಿಂತೀನಿ ಗೊತ್ತೇನು? ಹಾಕಿಬಿಡ್ಲಿ, ಇದರಾಗ ಹಾದು ಹೋದ ಉಸಿರು ಉಳೀತದ ಅಂತ. ನೀವು ಇವತ್ತು ಮಾಡಿದ್ದು ನಾ ದಿನಾ ಮಾಡಬೇಕಂತೀನಿ. ಇದು ಕುಡಿಯೋ ನೀರು, ಅದು ಉಸಿರಿನ ನೀರು ಅಂತ ಮನಸಿಗೆ ಬೈದು ತಿರಗಿ ಇಡ್ತೀನಿ." ಬಟ್ಟಲಿನ ತೀರ್ಥದ ಕಡೆ ತಲೆಯಾಡಿಸಿ ಹೇಳಿದಳು, "ನನ್ನ ಕೈ ಖಾಲಿ ಇಲ್ಲ. ಎರಡೂ ನೀವ ಕುಡಸ್ರಿ ಅವರಿಗೆ."

ನಮ್ಮವ್ವ ಒಂದು ಚಮಚ ಜಮ್‌ಜಮ್, ಒಂದು ಚಮಚ ತೀರ್ಥ ಚಾಚಾನ ಬಾಯಿಗೆ ಹಾಕಿದಳು. ಚಾಚಾ ನುಂಗಿ, ಎರಡೂ ಹೆಂಗಸರನ್ನು ನೋಡಿ, ಕಣ್ಣಲ್ಲೇ ನಕ್ಕರು. "ಎರಡೂ ಕಡಿಂದ... ಸವಾಲು ಏರಾಕತ್ತದ," ಎಂದರು. ನೆರೆದವರು ಗೊಳ್ಳೆಂದು ನಕ್ಕರು. ನಮ್ಮವ್ವ ಮಾತ್ರ ಅತ್ತಳು.

ಕಾಜಿಗಳು ಬಂದು ಕೂತರು. ಖಾಲಾ ಬಾಗಿಲ ಹಿಂದೆ, ಹೆಬ್ಬೆರಳು ಮುಚ್ಚಳದ ಮೇಲೆ. ಆ ಮೂಲೆಯಿಂದ ವರ ಕಾಣುವುದಿಲ್ಲ, ಪರದೆಯ ಹಿಂದಿನ ಮಗಳೂ ಕಾಣುವುದಿಲ್ಲ. ನಾನು ಬಗ್ಗಿ ಪಿಸುಗುಟ್ಟಿದೆ. "ಖಾಲಾ, ನಾ ಹಿಡೀತೀನಿ. ನೀವು ಮಗಳ ಹತ್ರ ಹೋಗ್ರಿ."

"ನೀವು ಹಿಡೀತೀರಿ ಅಕ್ಕೋರೇ," ಎಂದಳು. "ಆದ್ರ ನಿಮ್ಮ ಕಣ್ಣು ಮದಿವಿ ಕಡಿ ಹೋಗ್ತದ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಗಾಜು ಒಡದದ್ದು ಯವ್ವಗ ಹೇಳಬ್ಯಾಡ್ರಿ," ಎಂದಳು.

ಚಾಚಾ ಪರದೆಯ ಕಡೆ ತಿರುಗಿ ಮಗಳನ್ನು ಕೇಳಿದರು. ವರನ ಹೆಸರು, ಅವನ ತಂದೆಯ ಹೆಸರು, ಊರು ದೇವದುರ್ಗ, ಕಬೂಲ್ ಹೈ? ಗಂಜಿನ ದನಿಯಲ್ಲ ಅದು. ಆದರೆ ನಡುವೆ ಹರಿಯಲಿಲ್ಲ. ಹಸಿಯಾಗಿ, ತುಂಬಿಕೊಂಡು, ಹಂದರದ ಕೊನೆಯ ಸಾಲಿನವರೆಗೆ ಹೋಯಿತು. ಒಮ್ಮೆ ಕೇಳಿದರು, ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೇಳುವಾಗ ಅವರ ಬಲಗೈ ತಾನಾಗಿ ಮೇಲೆದ್ದಿತ್ತು. ಮಗಳ ಒಪ್ಪಿಗೆ ಬಂದ ಕೂಡಲೇ ಕೈ ಕೆಳಗಿಳಿಯಿತು, ಸವಾಲು ಮುಗಿದಾಗ ಇಳಿಯುತ್ತಿದ್ದಂತೆ. ಅದೇ ದನಿಯಲ್ಲಿ ಆ ಒಪ್ಪಿಗೆಯನ್ನು ಕಾಜಿಗಳಿಗೆ ಹೇಳಿದರು. ಹಿಂದೆ ಕೂತಿದ್ದ ರಾಯಚೂರಿನ ಗಂಜಿನ ವ್ಯಾಪಾರಸ್ಥರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನೂ ಮದುವೆಯ ಕಡೆಗೇ ನೋಡುತ್ತಿದ್ದೆ. ಖಾಲಾ ಹೇಳಿದ್ದು ಸರಿಯಾಗಿತ್ತು.

ವರನ ಒಪ್ಪಿಗೆಯೂ ಆಗಿ, ಮಂದಿ ಅವನನ್ನು ಅಪ್ಪಿಕೊಳ್ಳಲು ಎದ್ದರು. ಪರದೆಯ ಹಿಂದೆ ಹೆಂಗಸರ ಜೊತೆ ಕೂತಿದ್ದ ನಮ್ಮವ್ವ ಕಣ್ಣೊರೆಸಿಕೊಳ್ಳುತ್ತ ಹೊರಬಂದು ಬಾಗಿಲ ಹಿಂದೆ ಇಣುಕಿದಳು.

"ಖಾಲವ್ವಾ, ಇಲ್ಲೇ ಕುಂತಿದ್ದೇನ? ಮಗಳ ಮಾರಿ ನೋಡಿದಿಲ್ಲೋ?"

"ಇಲ್ಲ ಯವ್ವಾ. ದನಿ ಕೇಳಿದೆ. ಹಸೀ ಇತ್ತಲ್ಲ?"

ನಮ್ಮವ್ವನ ದೃಷ್ಟಿ ಖಾಲಾನ ಹೆಬ್ಬೆರಳ ಮೇಲೆ ನಿಂತಿತ್ತು. ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು. ಬೆರಳಿನ ಕೆಳಗೆ ಒಡೆದ ಗಾಜಿನ ಅಂಚು ಕಾಣುತ್ತಿತ್ತು.

"ನೀವು ನೋಡೀರೇನು?" ಎಂದು ಖಾಲಾ ಕೇಳಿದಳು. ಕಣ್ಣು ಗುಳ್ಳೆಯ ಮೇಲೇ ಇತ್ತು.

"ನೋಡೀನಿ."

"ಹ್ಯಾಂಗಿತ್ತು? ಹೇಳ್ರಿ."

ನಮ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಖಾಲಾನ ಪಕ್ಕ ನೆಲದ ಮೇಲೆ ಕೂತಳು. ಹೇಳತೊಡಗಿದಳು. ಕೆಂಪು ಮುಸುಕು ಹ್ಯಾಂಗ ಇತ್ತು, ಮೂಗಿನ ನತ್ತು ಹ್ಯಾಂಗ ನಡಗ್ತಿತ್ತು, ಮೊದಲ ಸಲ ಅಪ್ಪ ಕೇಳಿದಾಗ ತುಟಿ ಬರೇ ಅಲುಗಿದ್ದು, ಎರಡನೇ ಸಲ ಕಣ್ಣೀರು ಗದ್ದಕ್ಕೆ ಬಂದು ನಿಂತದ್ದು, ಮೂರನೇ ಸಲ ಮುಖ ಎತ್ತಿ ಅಪ್ಪನನ್ನ ಹುಡುಕಿದ್ದು. ಖಾಲಾ ಬಾಟಲಿ ನೋಡುತ್ತಲೇ ಕೇಳಿದಳು. ಅವ್ವ ಎಲ್ಲಿ ನಿಲ್ಲಿಸಿದರೂ, "ಆಮ್ಯಾಗ?" ಎನ್ನುತ್ತಿದ್ದಳು.

ಹೇಳುವುದೆಲ್ಲ ಮುಗಿದ ಮೇಲೂ "ಆಮ್ಯಾಗ?" ಎಂದಳು. ನಮ್ಮವ್ವ ಮತ್ತೆ ಮುಸುಕಿನಿಂದ ಶುರು ಮಾಡಿದಳು.